ನಾಲ್ಕನೇ ಮೂಲಿಯ ಕೌದಿ

...ಅಳೂದಿದ್ರ ಇಲ್ಲೇ ಅತ್ತುಬಿಡು ಜಯಾ. ಬಾಗಲಾ ಹಾಕೀನಿ. ಈ ಖೋಲ್ಯಾಗ ನೀ ಬಾಯಿ ಬಡಕೊಂಡ್ರೂ ಪಡಸಾಲ್ಯಾಗ ಕುಂತ ಅಪ್ಪಗ ಕೇಳಂಗಿಲ್ಲ. ಆದ್ರ ಗಂಟಲಾ ಕಟ್ಟೂವಂಗ ಅಳಬ್ಯಾಡ ಮತ್ತ. ಸಂಜೀಕ ಸೋಬಾನ ಪದಾ ರೆಕಾರ್ಡ್ ಮಾಡೂದೈತಿ.

ಏನು, ಹಂಗ್ಯಾಕ ನೋಡ್ತಿ? ತಪ್ಪ ಅಂದ್ನ್ಯಾ? ಬಾಗೇವಾಡಿಯವರು ಒಲ್ಲೆ ಅಂದ್ರು ಅಂತ ನಮ್ಮ ಯೂಟ್ಯೂಬ್ ಚಾನಲ್‌ಗೆ ಸೂತಕ ಹಚ್ಚಲೇನು? ಉಡಿ ತುಂಬಿ, ಸಕ್ರಿ ತಿಂದು ಹೋದವರು. ಈಗ ಅಪ್ಪನ್ನ ಕರೆಸಿ, ಚಾ ಸೈತ ಕೊಡದ, 'ನಿಮ್ಮ ಹುಡುಗಿ ನಮಗ ಬ್ಯಾಡ್ರಿ' ಅಂತಾರಂದ್ರ ಎಂಥಾ ಮಂದಿ ಇರಬೇಕು! ಅಪ್ಪನರೆ ಏನು, ಇಂಗಳೇಶ್ವರದಿಂದ ಬಸ್ ಹಿಡದು ಇಂಡಿತನಕ ಬಂದಾನ, ಆ ಸುದ್ದೀನ ಬೆಲ್ಲದಂಗ ಕೈಯಾಗ ಹಿಡಕೊಂಡು. ಫೋನ್‌ನ್ಯಾಗ ಹೇಳಿದ್ರ ಆಗ್ತಿದ್ದಿಲ್ಲ?

ಆ ಚೇತನಕುಮಾರನರೆ ಯಾವ ದೊಡ್ಡ ರಾಜಕುಮಾರ? ಕಿವಿ ನೋಡಿಯಿಲ್ಲ ಅವನವು? ಮೊರದಂಗ! ಮೊನ್ನಿ ಇದನ್ನ ಅಂದಾಗ ಹೊಟ್ಟಿ ಹಿಡಕೊಂಡು ನಕ್ಕಿದ್ದಿ. ಈಗ ನಗವಲ್ಲಿ. ಅಳವಲ್ಲಿ. ಕಲ್ಲು ಕುಂತಂಗ ಕುಂತಿ.

ಮೊರ ಅಂದದ್ದಕ್ಕ ನೆನಪಾತು. ನಿನ್ನೆ ತೊಗರಿ ಹಸನ ಮಾಡೂ ಮೊರ ಈ ಖೋಲಿ ಹೊಸ್ತಲದಾಗ ಯಾಕ ಬಿಟ್ಟು ಹೋಗಿದ್ದಿ? ನನ್ನ ಕಾಲಿಗೆ ತೊಡರಿ ಅರ್ಧಾ ತೊಗರಿ ಚೆಲ್ಲಿತು. ಬಡಿವಾರದ ಹುಡುಗಿ. ಎಲ್ಲಿ ಕುಂತಿ ಅಲ್ಲೇ ಬಿಡೂದು, ಹಿಂದಿಂದ ಅಕ್ಕ ಆರಸೂದು.

ಇರ್ಲಿ. ಈ ಖೋಲಿ ನೋಡು, ಮನಸ್ಸು ಹಗರ ಆಗ್ತೈತಿ. ಇನ್ನೂ ಲಿಂಬಿಕಾಯಿ ವಾಸನಿ ಹೊಡೀತೈತಿ ಅಲ್ಲ? ನನ್ನ ಗಂಡ ಸಂಗಮೇಶ ತನ್ನ ಟೆಂಪೋದ ಚೀಲ ಎಲ್ಲಾ ಇಲ್ಲೇ ಒಟ್ಟತಿದ್ದ. ನಾ ಖಾಲಿ ಮಾಡಿಸಿದೆ. 'ಇಷ್ಟ ಸಣ್ಣ ಖೋಲ್ಯಾಗ ಏನ್ ಹಾಡಸ್ತಿ, ಕೋಳಿ ಸಾಕು' ಅಂದ. ನೀ ಹಾಡಿದ್ರ ಗುಂಯ್ ಅಂತಿತ್ತು. ಡೋಲಕಿ ಒಂದ್ ಏಟು ಹೊಡದ್ರ, ಆ ಏಟು ಹೋಗವಲ್ಲದು, ಬಂದ ಬೀಗರಂಗ ಇಲ್ಲೇ ಕುಂತಬಿಡತಿತ್ತು. ಆಂವ ಶಾಣ್ಯಾ, ಗ್ವಾಡಿಗೆಲ್ಲಾ ತತ್ತಿ ಟ್ರೇ ಬಡದ. ಏನಾತು? ಚಪ್ಪಾಳಿ ಸಪ್ಪಳ ಜರಾ ಮೆತ್ತಗಾತು. ಡೋಲಕಿ ಗುಂ ಅನ್ನೂದು ಹಂಗ ಉಳೀತು.

ಹತ್ತನೇತ್ತಾ ಓದಿದಾಕಿ ನಾ, ನಾನ ಕಂಡುಹಿಡದೆ. ಮೊಬೈಲ್ ನೋಡಿ ನೋಡಿ, ಕೂಸಿಗೆ ಮೊಲಿ ಕುಡಿಸ್ಕೋತ ನೋಡಿ. ದಪ್ಪ ಸಪ್ಪಳ ಮೂಲ್ಯಾಗ ಕೂಡತೈತಿ, ಕಸಾ ಕೂಡಿದಂಗ. ಅದನ್ನ ಅಲ್ಲೇ ಹಿಡೀಬೇಕು. ತೆಳ್ಳನ್ನ ಸಾಮಾನಿಗೆ ಅದು ಅಂಜೂದಲ್ಲ. ಹಳೇ ಹೊರಸಿನ ಕಟಗಿ ಕೊಯ್ಸಿ ಮೂಲಿಗೊಂದು ಆಳೆತ್ತರ ಚೌಕಟ್ಟು ಮಾಡಿಸಿದೆ, ಒಂದ್ ಗೇಣು ದಪ್ಪ. ಹಿಂದ ಮೂಲಿಗೆ ಜರಾ ಸಂದಿ ಬಿಟ್ಟೆ. ಒಳಗ ಗಾದಿ ಹತ್ತಿ. ಗಾದಿ ಮಾಡೂ ನಬಿಸಾಬ ಹಿಂಜಿ ಕೊಟ್ಟ, ಅವನ ಸೊಸಿ ಮುಬೀನಾ ಒತ್ತಿ ಒತ್ತಿ ತುಂಬಿದ್ಲು. ಮ್ಯಾಲ ಗೋಣಿತಟ್ಟು, ಗಾಳಿ ಹಾಯಬೇಕು ನೋಡು. ಪ್ಲಾಸ್ಟಿಕ್ ಹೊದಿಸೂದಲ್ಲ.

ಚಪ್ಪಾಳಿ ಹೊಡೀತೇನಿ, ಕೇಳು. ...ಕೇಳಿದ್ಯಾ? ಹೊಡದಲ್ಲೇ ಸತ್ತು ಬಿತ್ತು! ನಾಲ್ಕ ಮೂಲಿ ಸಪ್ಪಳಾ ನುಂಗ್ತಾವ. ನುಂಗಿದ್ದು ಹೊರಗೆಲ್ಲಿ ಹೋಗ್ತೈತಿ? ಅದಕ್ಕ ಹೇಳೀನಿ, ಇಲ್ಲಿ ಏನ್ ಆಡಿದ್ರೂ ಇಲ್ಲೇ.

ಏ, ಅದನ್ಯಾಕ ಮುಟ್ಟತಿ? ಗೋಣಿ ಕೀಳಬ್ಯಾಡ. ...ಹೌದು, ಅದ ಸೀರಿ. ಅವ್ವನ ಹಸರ ಇಳಕಲ್ಲ ಸೀರಿ. ಮೂರ ಮೂಲಿಗೆ ಹತ್ತಿ ಸಾಕಾತು, ನಾಲ್ಕನೇದಕ್ಕ ಕಡಿಮಿ ಬಿತ್ತು. ಟ್ರಂಕಿನ್ಯಾಗ ಆ ಕೌದಿ ಇತ್ತಲ್ಲ, ನಿನ್ನ ಲಗ್ನಕ್ಕ ಅಂತ ಅವ್ವ ತನ್ನ ಹಳೇ ಸೀರಿ ಕೂಡಿಸಿ ಹೊಲದಿಟ್ಟದ್ದು. ನಾಕು ತುಂಡ ಮಾಡಿ ತುರುಕಿದೆ. ಹತ್ತೀಗಿಂತ ಚಲೋ ಕೆಲಸಾ ಮಾಡಾಕತ್ತೈತಿ ಅದು! ನನ್ನ ಲಗ್ನದಾಗ ನನಗೇನ್ ಕೌದಿ ಕೊಟ್ಟಿದ್ಲು ಅಕಿ? 'ನೀ ಗಟ್ಟಿ ಅದಿ, ಚಾದರ ಹೊತಗೋ' ಅಂದ್ಲು. ನಿನಗ ಮಾತ್ರ ಕೌದಿ. ಹಾಡೂ ಮಗಳಿಗೆ ಥಂಡಿ ಹತ್ತಬಾರದು.

ಹೆಂಗೂ ಟ್ರಂಕಿನ್ಯಾಗ ಕೊಳೀತಿತ್ತು. ಹೆಂಗೂ ನೀ ಹೋಗಾಕಿ ಅಲ್ಲ ಅಂತ...

ಏನು?

ಬಟ್ಟ ಎಣಸಿ ಯಾವಾಗ ಅಂತ ಕೇಳ್ತಿ? ಹೋದ ವಾರ ತುಂಬಿದೆ. ಹೂಂ, ಹೋದ ವಾರ. ಅವರು ಒಲ್ಲೆ ಅಂದದ್ದು ಇವತ್ತ... ಅದಕ್ಕೇನೀಗ? ನನಗ ಮೊದಲ ಅನ್ನಿಸಿತ್ತು, ಈ ಸಂಬಂಧ ನಿಲ್ಲಂಗಿಲ್ಲ ಅಂತ. ಹೆಣ್ಣಿಗೆ ಮೂರ್ಛಿ ಬರ್ತೈತಿ, ಹಾಡಾಕ ಕುಂತಾಗ ಬಾಯಾಗ ನೊರಿ ಬರ್ತೈತಿ ಅಂತ ಯಾರರೆ ಊದಿದ್ರ ಯಾರ ಮಾಡ್ಕೋತಾರ ಹೇಳು?

ಯಾಕ ನೋಡ್ತಿ ಹಂಗ? ಅಪ್ಪ ಹೇಳಿದ್ನಲ್ಲ ಈಗ... ಹೇಳಲಿಲ್ಲ? 'ಕಾರಣಾ ಹೇಳಲಿಲ್ಲವ್ವ ಅವರು' ಅಂದ್ನಾ... ಹೌದು, ಹಂಗ ಅಂದ. ಮತ್ತ ನನಗ ಯಾರು... ಮುಬೀನಾ! ಮುಂಜಾನಿ ನಳಕ್ಕ ಬಂದಾಗ ಮುಬೀನಾ ಹೇಳಿದ್ಲು. ಆಕಿ ತವರಮನಿ ಆ ಕಡೇನ... ಅಯ್ಯ, ಮುಬೀನಾ ಸಿಂದಗಿಗೆ ಹೋಗ್ಯಾಳ. ಬಾಣಂತನಕ್ಕ ಹೋಗಿ ನಾಕ ದಿನಾ ಆತು.

ಏನರೆ ಅನ್ನು ಮಾರಾಯ್ತಿ! ಸುಳ್ಳ ಅನ್ನು, ಬೈ, ಜಡಿ ಹಿಡದು ಜಗ್ಗು. ಸಣ್ಣಾಕಿದ್ದಾಗ ಕಚ್ಚತಿದ್ದೆಲ್ಲ? ಸುಮ್ನ ಕುಂತು ನೋಡಬ್ಯಾಡ ಹಂಗ.

ಹೂಂ. ನಾನ. ಸಮಾಧಾನ ಆತಿಲ್ಲ? ನಿನ್ನೆ ಇದ ಖೋಲ್ಯಾಗ ನಿಂತು, ಬಾಗಲಾ ಹಾಕ್ಕೊಂಡು, ಚೇತನಕುಮಾರನ ಅವ್ವಗ ನಾನ ಫೋನ್ ಹಚ್ಚೀನಿ. ಅಳೂ ದನಿ ತಗದೀನಿ. 'ಅತ್ತಿ, ನನ್ನ ತಂಗೀನ ನಿಮ್ಮ ಕೊರಳಿಗೆ ಕಟ್ಟಿ ಪಾಪಾ ಮಾಡ್ಕೊಳ್ಳಂಗಿಲ್ರಿ ನಾ, ಆಕಿಗೆ ಮೂರ್ಛಿ ಐತ್ರಿ' ಅಂದೀನಿ. ಆಕಿ ನನಗ ಆಶೀರ್ವಾದ ಮಾಡಿದ್ಲು ಗೊತ್ತೈತಿ? 'ಬಂಗಾರದಂಥಾಕಿ ನೀ, ಖರೆ ಹೇಳಿದಿ' ಅಂದ್ಲು! ನಗು ತಡಕೊಳ್ಳೂದ ತ್ರಾಸಾತು ನನಗ.

ಮತ್ತೇನ್ ಮಾಡಲಿ? ನೀ ಬಾಗೇವಾಡಿಗೆ ಹೋಗಿ ಅವರ ಮನ್ಯಾಗ ರೊಟ್ಟಿ ಬಡಕೋತ ಕುಂದ್ರು, ನಾ ಈ ಖೋಲ್ಯಾಗ ಡೋಲಕಿ ಇಟ್ಕೊಂಡು ಯಾರ ಹಾಡ ಕೇಳಲಿ? ನಂದು ಕಾಗಿ ಗಂಟಲಾ. ಸಾಲ್ಯಾಗ ಪ್ರಾರ್ಥನಾಕ್ಕ ನಿಂತ್ರ ಮಾಸ್ತರು 'ಶೈಲಶ್ರೀ, ನೀ ಬರೇ ತುಟಿ ಅಲ್ಲಾಡ್ಸು' ಅಂತಿದ್ರು. ಇವತ್ತ ಮುದ್ದೇಬಿಹಾಳದ ಕಡೆ ಯಾರದರೆ ಲಗ್ನದಾಗ ನಿನ್ನ ಪದಾ ಹಚ್ಚಿದ್ರ, 'ಯಾರು ಹಾಡ್ಯಾರ' ಅಂತ ಕೇಳ್ತಾರ. ಆ ಗುಂಯ್ ಅನ್ನೂದನ್ನ ಯಾರು ತಗದ್ರು ಅಂತ ಒಬ್ಬರ ಕೇಳ್ಯಾರ? ಕೈ ತುಂಬ ಕಟಗಿ ಸೀಳ ಚುಚ್ಚಿಸ್ಕೊಂಡಾಕಿ ನಾ. ನನ್ನದು ಅಂತ ಇರೂದು ಈ ಖೋಲಿ ಒಂದ. ಈ ಖೋಲಿಗೆ ನಿನ್ನ ಗಂಟಲಾ ಬೇಕು. ನೀ ಬೇಕಂತಲ್ಲ, ತಿಳೀತಿಲ್ಲ? ಗಂಟಲಾ.

ಊರ ಮಂದಿ ಲಗ್ನಕ್ಕೆಲ್ಲಾ ನಿನ್ನ ದನಿ ಹೋಗ್ತೈತಿ. ನೀ ಹೋಗಲಿಲ್ಲ ಅಂದ್ರ ಏನಾತು? ಅಪ್ಪಗ ಹೇಳಾಕಿ ಏನ್ ನೀ? ಹೇಳು. ನಂಬತಾನಾಂವ? ಅವ್ವ ಸತ್ತಾಗ ನಿನ್ನ ಕೈ ಹಿಡದು ನನ್ನ ಕೈಯಾಗ ಇಟ್ಟಾಂವ ಅವನ. ಅವನ ಪಾಲಿಗೆ ನಾ ದೇವರು. ಹೋಗು, ಬಾಗಲಾ ತಗದು ಹೇಳು, ನೋಡೂಣು...

ತಡಿ. ಅದೇನ್ ಸಪ್ಪಳ?

ತೊಟ್ಟಿಲಾ ಕಿರ್ ಅನ್ನಾಕತ್ತೈತಿ. ಕೂಸು ಎದ್ದಂಗಾತು. ಅಪ್ಪ ತೂಗಾಕತ್ತಾನ... 'ಸುಮ್ನಿರು ನನ್ನವ್ವಾ, ಸುಮ್ನಿರು' ಅನ್ನಾಕತ್ತಾನ. ಎಷ್ಟ ಸಣ್ಣ ದನೀಲೆ ಅಂತಾನ ನೋಡು, ಆದ್ರೂ ಒಂದೊಂದ ಮಾತೂ...

ಬಾಗಲಾ ಹಾಕೈತೆಲ್ಲ? ನಾನ ಹಾಕೀನಿ. ಚಿಲಕಾನೂ ಹಾಕೈತಿ.

ಹೊರಗಿಂದು ಒಳಗ ಬರಾಕತ್ತೈತಿ. ಹಂಗಾರ ಒಳಗಿಂದು... ಇಲ್ಲ. ಇಲ್ಲ, ಚಪ್ಪಾಳಿ ಸತ್ತು ಬಿತ್ತಲ್ಲ! ನಾಲ್ಕ ಮೂಲಿ ತುಂಬೀನಿ, ಕೌದಿ ಹಾಕೀನಿ...

ಜಯಾ. ನಿನ್ನೆ ನೀ ಹಿತ್ತಲದಾಗ ಇದ್ದೆಲ್ಲ? ತೊಗರಿ ಹಸನ ಮಾಡ್ಕೋತ. ಇಲ್ಲ... ಮೊರ ಇಲ್ಲಿತ್ತು. ಈ ಹೊಸ್ತಲದಾಗ. ಅರ್ಧಾ ಹಸನ ಮಾಡಿದ್ದು. ನೀ ಇಲ್ಲೇ ಕುಂತಿದ್ದಿ. ನಾ ಫೋನ್‌ನ್ಯಾಗ ಅಳೂ ಮುಂದ, ನಗೂ ಮುಂದ, ಬಾಗಲದ ಆ ಕಡೆ ನೀ ಕುಂತಿದ್ದಿ. ಎಲ್ಲಾ ಕೇಳೀದಿ.

ಕೇಳಿ, ರಾತ್ರಿ ನನ್ನ ಬಾಜೂಕ ಉಂಡಿ. ಇವತ್ತ ಅಪ್ಪನ ಮುಂದ ಒಂದ ಮಾತ ಆಡಲಿಲ್ಲ. ನಾ ಕರದ ಕೂಡಲೇ ಒಳಗ ಬಂದಿ. ಬಂದು ಬಾಯಿ ಮುಚಗೊಂಡು ಕುಂತಿ... ನಾ ಮಾತಾಡ್ಲಿ ಅಂತ. ಅಪ್ಪ ಅಲ್ಲಿ ಕುಂತಾನ ಅಂತ.

ತೊಟ್ಟಿಲಾ ನಿಂತತು.

ಎದ್ದ ನೋಡು ಅಪ್ಪ. ಊರೂ ಬಡಿಗಿ ಸಪ್ಪಳ... ಈ ಕಡೇನ ಬರಾಕತ್ತೈತಿ. ಜಯಾ, ಚಿಲಕಾ ಮುಟ್ಟಬ್ಯಾಡ. ಅಕ್ಕ ಚಾಷ್ಟಿ ಮಾಡಿದ್ಲು ಅನ್ನು. ನಿನ್ನ ಕಾಲ ಹಿಡೀತೇನಿ, ಏನರೆ ಅನ್ನು ಜಯಾ...

ಸಣ್ಣ ದನೀಲೆ ಅನ್ನು. ಹೊರಗ ಕೇಳ್ತೈತಿ.