ಕಪಿಲ ಅವರು ಹಸಿರು ಎಂದ ಸೋಮವಾರ

ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮೊದಲನೇ ಸಾಲಿನಲ್ಲಿ ಕೂತಿರುವ ಕಪಿಲ ಅವರ ತಾಯಿ ಕಸ್ತೂರಿಬಾಯಿ ಅವರಿಗೆ, ಅವರ ಶ್ರೀಮತಿ ತ್ರಿವೇಣಿ ಅವರಿಗೆ ಜೈ ಭೀಮ್. ವೇದಿಕೆಯ ಮೇಲಿರುವ, ನಮ್ಮ ಬಾಳೆ ಬೆಳೆಗಾರರ ಸಹಕಾರ ಸಂಘದ ವ್ಯವಸ್ಥಾಪಕ ನಿರ್ದೇಶಕರಾದ ದೇವೀಂದ್ರಪ್ಪ ಸಾಹೇಬರಿಗೆ, ಆಡಳಿತ ಮಂಡಳಿಯ ಹಿರಿಯರಿಗೆ ನಮಸ್ಕಾರ. ಕಮಲಾಪುರದಿಂದ ಬಸ್ಸು ಹಿಡಿದು ಬಂದು ಹಿಂದೆ ಗೋಡೆಗೆ ಒರಗಿ ನಿಂತಿರುವ ಬೆಳೆಗಾರರೇ — ಮುಂದೆ ಕುರ್ಚಿ ಖಾಲಿ ಇವೆ, ಬರ್ರಿ. ಗಣ್ಯರಿಗೆ ಅಂತ ಕಾದಿರಿಸಿದ್ದರಂತೆ. ಗಣ್ಯರು ಬಂದಿಲ್ಲ, ಬರುವುದೂ ಇಲ್ಲ. ಕೂಡ್ರಿ.

ನಾನು ಜೀನತ್, ಮೋಮಿನಪುರದವಳು. ಸಂಘದ ಕಂಪ್ಯೂಟರ್ ವಿಭಾಗದಲ್ಲಿ ಕಪಿಲ ಅವರ ಕೈಕೆಳಗೆ ಕೆಲಸ ಮಾಡಿದೆ. ಅವರು ಪ್ರಾಜೆಕ್ಟ್ ಮ್ಯಾನೇಜರ್. ಅವರು ಕಟ್ಟಿಸಿದ್ದನ್ನು ಎಲ್ಲಿ ಮುರಿಯುತ್ತದೆ ಅಂತ ಒತ್ತಿ ನೋಡುವ ಟೆಸ್ಟಿಂಗಿನವಳು ನಾನು. ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಎಂದು ಸಾಹೇಬರ ಅಪ್ಪಣೆಯಾಗಿದೆ. ನನಗಿಂತ ಮುಂಚೆ ಮಾತಾಡಿದವರು ಒಳ್ಳೆಯ ಮಾತನ್ನೆಲ್ಲ ಖಾಲಿ ಮಾಡಿ ಇಳಿದಿದ್ದಾರೆ. ಹಾಗಾಗಿ ಉಳಿದದ್ದನ್ನು ನಾನು ಹೇಳುತ್ತೇನೆ.

ಕಪಿಲ ಅವರು ಸದಾ ನಗುಮುಖದವರು ಎಂದರು ಶಿವಶರಣ ಅವರು. ಶಿವಶರಣ ಅವರು ಸಾಹೇಬರ ಆಪ್ತ ಸಹಾಯಕರು, ಅವರಿಗೆ ಎಲ್ಲರ ಮುಖವೂ ನಗುತ್ತಿರುವಂತೆಯೇ ಕಾಣುತ್ತದೆ. ನಾನು ಕಪಿಲ ಅವರನ್ನು ದಿನಾ ನೋಡಿದವಳು. ನಗುಮುಖ — ಇಲ್ಲ. ಇಲ್ಲಿ ನೋಡಿ, ಈ ಹಾರ ಸ್ವಲ್ಪ ಸರಿಸುತ್ತೇನೆ. ಫೋಟೋದ ಪಕ್ಕದಲ್ಲಿ ಬಿಳಿ ಅಂಗಿಯ ಅರ್ಧ ಭುಜ ಉಳಿದಿದೆ, ಕಾಣಿಸಿತೇ? ಅದು ಸಾಹೇಬರದು. ಕಪಿಲ ಒಬ್ಬರದೇ ಫೋಟೋ ಇಡೀ ಆಫೀಸಿನಲ್ಲಿ ಸಿಗಲಿಲ್ಲ. ಉದ್ಘಾಟನೆಯ ಫೋಟೋದ ಮೂಲೆಯಲ್ಲಿ ನಿಂತಿದ್ದವರನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದಾರೆ. ಇದರಲ್ಲೂ ಅವರು ನಗುತ್ತಿಲ್ಲ.

ಎಲ್ಲರೊಂದಿಗೆ ಬೆರೆಯುತ್ತಿದ್ದರು ಎಂದರು ಇನ್ನೊಬ್ಬರು. ಬೆರೆಯುತ್ತಿರಲಿಲ್ಲ. ಒಬ್ಬರೇ ಕೂತು ರೊಟ್ಟಿ ತಿನ್ನುತ್ತಿದ್ದರು. ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವಾಗ ಕೆಲಸ ಇದೆ ಎಂದು ಎದ್ದು ಹೋಗುತ್ತಿದ್ದರು. ವಾಟ್ಸ್ಆ್ಯಪ್ ಗುಂಪಿನಲ್ಲಿ ನಾವು ಹಾಕುವ ಶುಭೋದಯದ ಕೆಳಗೆ, ನಿನ್ನೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂದು ಬರೆಯುತ್ತಿದ್ದರು. ಒಮ್ಮೆ ನನ್ನ ಕೆಲಸವನ್ನು ಎಲ್ಲರೆದುರು ಕಸ ಎಂದರು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ಬಂದು ನೋಡಿದೆ. ಕಸವೇ ಆಗಿತ್ತು.

ಇಂಥ ಮನುಷ್ಯನಿಗೆ ನಮ್ಮ ಸಂಘ ‘ಪಾಳಿ’ ಆ್ಯಪಿನ ಕೆಲಸ ಕೊಟ್ಟಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಮಲಾಪುರದ ಖರೀದಿ ಕೇಂದ್ರಕ್ಕೆ ಕೆಂಪು ಬಾಳೆ ತರುವವರಿಗೆ ಯಾವ ದಿನ, ಯಾವ ಹೊತ್ತಿಗೆ ಪಾಳಿ ಎಂದು ಮೊದಲು ಕೇಂದ್ರದಲ್ಲೇ ಚೀಟಿ ಬರೆದುಕೊಡುತ್ತಿದ್ದರು. ಅದರ ಬದಲು ತೋಟದಲ್ಲೇ ಮೊಬೈಲ್ ಒತ್ತಿ ಪಾಳಿ ಪಡೆಯಬೇಕು. ಒಳ್ಳೆಯ ವಿಚಾರ, ವಿಚಾರಕ್ಕೆ ನನ್ನ ತಕರಾರಿಲ್ಲ. ಆದರೆ ತೋಟದಲ್ಲಿ ನೆಟ್‌ವರ್ಕ್ ಹೋಗಿ ಬಂದರೆ ಆ್ಯಪಿಗೆ ತಲೆ ಕೆಡುತ್ತಿತ್ತು. ಬೇರೆ ಬೇರೆ ಜನರಿಗೆ ಒಂದೇ ಪಾಳಿ ಕೊಡುತ್ತಿತ್ತು. ಅದನ್ನು ಸರಿ ಮಾಡಲು ಇನ್ನಷ್ಟು ಸಮಯ ಬೇಕು ಎಂದು ಕಪಿಲ ಕೇಳಿದರು. ಸಮಯ ಇರಲಿಲ್ಲ. ಯಾಕೆ ಇರಲಿಲ್ಲ? ನಾವೀನ್ಯ ಪ್ರಶಸ್ತಿಗೆ ಸಾಹೇಬರು ಅರ್ಜಿ ಹಾಕಿದ್ದರು. ಬಳಕೆಯಲ್ಲಿರುವ ಯೋಜನೆಗೆ ಮಾತ್ರ ಪ್ರಶಸ್ತಿ ಎಂದು ಅದರ ನಿಯಮ.

ಈಗ ನಮ್ಮ ಆಫೀಸಿನ ಒಂದು ಪದ್ಧತಿ ಹೇಳಬೇಕು. ಇದು ಗೊತ್ತಿಲ್ಲದಿದ್ದರೆ ಕಪಿಲ ಹೇಗೆ ಹೋದರು ಎನ್ನುವುದು ಗೊತ್ತಾಗುವುದಿಲ್ಲ. ಪ್ರತಿ ಸೋಮವಾರ ಪರಿಶೀಲನಾ ಸಭೆ. ಗೋಡೆಯ ಮೇಲೆ ಪಟ್ಟಿ. ಪ್ರತಿ ಕೆಲಸದ ಮುಂದೆ ಒಂದು ಬಣ್ಣ. ಹಸಿರು ಎಂದರೆ ಚೆನ್ನಾಗಿದೆ, ಹಳದಿ ಎಂದರೆ ತಡವಾಗಿದೆ, ಕೆಂಪು ಎಂದರೆ ಕೆಟ್ಟಿದೆ, ನಿಲ್ಲಿಸಿ. ಎಲ್ಲ ಕಡೆಯೂ ಹೀಗೇ ಇರುತ್ತದೆ. ಹೈದರಾಬಾದಿನಿಂದ ಒಬ್ಬರು ತರಬೇತಿ ಕೊಡಲು ಬಂದರು. ಸಕಾರಾತ್ಮಕವಾಗಿ ಯೋಚಿಸಿ ಎಂದು ಹೇಳಿ, ಊಟ ಮಾಡಿ ಹೋದರು. ಮರುವಾರ ಸಾಹೇಬರು ಪಟ್ಟಿಯಿಂದ ಕೆಂಪು ಬಣ್ಣವನ್ನೇ ತೆಗೆಸಿಬಿಟ್ಟರು. ಕೆಂಪು ನೋಡಿದರೆ ಸಿಬ್ಬಂದಿಯ ಉತ್ಸಾಹ ಕುಗ್ಗುತ್ತದಂತೆ. ಕೆಂಪು ಬಾಳೆ ಮಾರುವ ಸಂಘ, ಸ್ವಾಮಿ. ಹಸಿರು ಎಂದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು ಎನ್ನುವುದೂ ಅವತ್ತಿನಿಂದಲೇ ಶುರುವಾಯಿತು.

ಜನ ಬೇಗ ಕಲಿತರು. ಕಪನೂರ ಗೋದಾಮಿನ ಯಂತ್ರ ಬಂದೇ ಇರಲಿಲ್ಲ, ಹಸಿರು. ಚಪ್ಪಾಳೆ. ಬಿಲ್ಲಿನ ತಂತ್ರಾಂಶ ದಿನ ಬಿಟ್ಟು ದಿನ ಮಲಗುತ್ತಿತ್ತು, ಹಸಿರು. ಚಪ್ಪಾಳೆ. ಕಪಿಲ ಮಾತ್ರ ಪ್ರತಿ ಸೋಮವಾರ ಎದ್ದು ಕೆಂಪು ಎನ್ನುತ್ತಿದ್ದರು. ಆ ಬಣ್ಣ ಈಗಿಲ್ಲ ಕಪಿಲ ಎಂದು ಶಿವಶರಣ ನೆನಪಿಸುತ್ತಿದ್ದರು. ಬಣ್ಣ ಇಲ್ಲದಿದ್ದರೂ ಕೆಲಸ ಕೆಂಪೇ ಎನ್ನುತ್ತಿದ್ದರು. ಸಭೆ ನಗುತ್ತಿತ್ತು. ಹೌದು, ಆಫೀಸಿನವರೇ, ನೀವೇ ನಗುತ್ತಿದ್ದಿರಿ. ತಲೆ ಬಗ್ಗಿಸಬೇಡಿ, ಚೆನ್ನಾಗಿಯೇ ನಗುತ್ತಿದ್ದಿರಿ.

ಕೊನೆಯ ಸೋಮವಾರ ನಾನು ಆಫೀಸಿನಲ್ಲಿರಲಿಲ್ಲ. ಕಮಲಾಪುರದ ಒಂದು ತೋಟದಲ್ಲಿ ನಿಂತು ಆ್ಯಪ್ ಒತ್ತಿ ನೋಡುತ್ತಿದ್ದೆ, ಸಭೆಯನ್ನು ಫೋನಿನಲ್ಲಿ ಕೇಳುತ್ತಿದ್ದೆ. ಸಾಹೇಬರು ಅವತ್ತು ಕೂಗಾಡಲಿಲ್ಲ. ಬಹಳ ಮೆತ್ತಗೆ ಹೇಳಿದರು —

“ನಿಮ್ಮಂಥವ್ರಿಗೆ ಇಷ್ಟ ದೊಡ್ಡ ಪ್ರಾಜೆಕ್ಟ್ ಕೊಟ್ಟಿದ್ದು ನಂದೇ ತಪ್ಪಾತೇನ್ರಿ ಕಪಿಲ?”

ಆ ‘ನಿಮ್ಮಂಥವ್ರು’ ಎಂದರೆ ಯಾರು ಎಂದು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಕಸ್ತೂರಿಬಾಯಿ ಅವರಿಗಂತೂ ಬೇಕಾಗಿಯೇ ಇಲ್ಲ. ಆಮೇಲೆ ಕಪಿಲ ಅವರ ದನಿ ಬಂತು.

“ಹಸಿರು ಹಚ್ರಿ ಸರ್.”

ಅವರು ಹೇಳಿದರು. ಅವರ ಬಾಯಿಯಿಂದಲೇ ಬಂತು. ಇದನ್ನು ನಾನು ಮುಚ್ಚಿಡುವುದಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಹೇಳಿದರು, ಅಷ್ಟು ತಪ್ಪು ಅವರದೇ. ಹೋದವರು ಎಂದು ನಾನು ಅದನ್ನು ಒರೆಸಿ ಹಾಕುವುದಿಲ್ಲ. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಆದರೆ ಆಮೇಲೆ ನಾನು ಕೇಳಿದ ಚಪ್ಪಾಳೆ ಇದೆಯಲ್ಲ — ಅಷ್ಟು ದೊಡ್ಡ ಚಪ್ಪಾಳೆ ನಮ್ಮ ಆಫೀಸಿನಲ್ಲಿ ಯಾರಿಗೂ ಬಿದ್ದಿರಲಿಲ್ಲ. ಅವರು ಅಷ್ಟು ವರ್ಷ ದುಡಿದದ್ದಕ್ಕೆ ಸಿಗದ ಚಪ್ಪಾಳೆ ಒಂದು ಸುಳ್ಳಿಗೆ ಸಿಕ್ಕಿತು. ನಾನು ತೋಟದಿಂದಲೇ ಗುಂಪಿಗೆ ಬರೆದೆ, ಆ್ಯಪ್ ಈಗಲೂ ಇಬ್ಬರಿಗೆ ಒಂದೇ ಪಾಳಿ ಕೊಡುತ್ತಿದೆ, ಬಳಕೆಗೆ ಬಿಡಬೇಡಿ ಎಂದು. ಶಿವಶರಣ ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಉದ್ಘಾಟನೆ ಇಲ್ಲೇ ಕಲಬುರಗಿಯಲ್ಲಿ, ತಣ್ಣಗಿನ ಸಭಾಂಗಣದಲ್ಲಿ ಆಯಿತು. ಗುಂಡಿ ಒತ್ತಿದ ಕೂಡಲೇ ಪರದೆಯ ತುಂಬ ಹೂ ಸುರಿಯಿತು. ಹೂ ಸುರಿಯುವ ಭಾಗದಲ್ಲಿ ಒಂದೂ ದೋಷ ಇರಲಿಲ್ಲ. ಮೊದಲ ಪಾಳಿ ಪಡೆದ ಬೆಳೆಗಾರ ಎಂದು ಶಿವಶರಣ ಅವರ ಮಾವನನ್ನು ತೋರಿಸಿದರು. ಅವರಿಗೆ ತೋಟವಿಲ್ಲ, ಗಂಜ್ ಮಾರುಕಟ್ಟೆಯಲ್ಲಿ ಅಂಗಡಿ ಇದೆ. ಮತ್ತೆ ಚಪ್ಪಾಳೆ. ಆ ಉಮೇದಿನಲ್ಲಿ ಸಾಹೇಬರು ಭಾಷಣದಲ್ಲಿ ಬರೆದಿರದ ಒಂದು ಮಾತು ಸೇರಿಸಿದರು. ಕಮಲಾಪುರದ ಹಳೆಯ ಚೀಟಿ ಪದ್ಧತಿ ಇವತ್ತಿನಿಂದಲೇ ಬಂದ್ ಎಂದರು. ಎರಡೂ ಕೆಲವು ದಿನ ಜೊತೆಗೆ ನಡೆಯಲಿ ಎಂದು ಕಪಿಲ ಬರೆದುಕೊಟ್ಟಿದ್ದರು, ಬೇಡಿಕೊಂಡಿದ್ದರು. ವೇದಿಕೆಯ ಮೂಲೆಯಲ್ಲಿ ನಿಂತು ಕೇಳಿಸಿಕೊಂಡರು. ಆ ಕ್ಷಣದ ಮುಖವೇ ನೀವು ಹಾರ ಹಾಕಿರುವ ಈ ಮುಖ.

ಅದೇ ವಾರ ಕಮಲಾಪುರದಲ್ಲಿ ಗಾಳಿಗೆ ನೆಟ್‌ವರ್ಕ್ ಹೋಗಿ ಬಂತು. ಊರಿನ ಅರ್ಧ ಬೆಳೆಗಾರರಿಗೆ ಒಂದೇ ಬೆಳಗಿನ ಮೊದಲ ಪಾಳಿ ಬಿತ್ತು. ಎಲ್ಲರೂ ಗೊನೆ ಕಡಿದು ತಂದರು. ಟೆಂಪೋಗಳು ಕೇಂದ್ರದ ಗೇಟಿನಿಂದ ಹೆದ್ದಾರಿಯವರೆಗೆ ನಿಂತವು. ಚೀಟಿ ಬರೆಯುವವರನ್ನು ಕಪನೂರಿಗೆ ವರ್ಗ ಮಾಡಿಯಾಗಿತ್ತು. ಬಿಸಿಲು ಏರಿತು. ಕಡಿದ ಗೊನೆಗಳು ಟೆಂಪೋದಲ್ಲೇ ಕಪ್ಪಾಗತೊಡಗಿದವು. ಕಪಿಲ ಅವರಿಗೆ ಸಾಹೇಬರ ಆಜ್ಞೆ, ಹೋಗಿ ಸಂಭಾಳಿಸಿ ಎಂದು. ಆಫೀಸಿನ ಗಾಡಿ ಕೇಳಿದರು. ಗಾಡಿ ಇರಲಿಲ್ಲ, ಪ್ರಶಸ್ತಿ ಸಮಿತಿಯವರಿಗೆ ಕೋಟೆ ತೋರಿಸಲು ಹೋಗಿತ್ತು. ಅವರು ಬಸ್ಸಿನಲ್ಲಿ ಹೋದರು. ಹಿಂದಿನ ದಿನದಿಂದಲೇ ಎದೆ ಹಿಡಿದಂತಾಗಿದೆ ಎಂದಿದ್ದರು. ಅದನ್ನು ಸಾಹೇಬರಿಗೂ ಹೇಳಿದ್ದರು. ಅದಕ್ಕೆ ಗ್ಯಾಸಿನ ಗುಳಿಗೆ ತಗೊಳ್ರಿ ಎಂದು ಉತ್ತರ ಬಂದಿತ್ತು.

ದಿನವಿಡೀ ಗೇಟಿನ ಮುಂದೆ ಅವರೊಬ್ಬರೇ ನಿಂತರು. ಅವರ ಜೊತೆ ಹೋಗಿದ್ದ ನಾನು ಕೇಂದ್ರದ ಒಳಗೆ ಕೂತು ಒಂದೊಂದೇ ಪಾಳಿ ಬಿಡಿಸುತ್ತಿದ್ದೆ. ಕಿಟಕಿಯಿಂದ ಕೂಗು ಕೇಳುತ್ತಿತ್ತು. ಬೆಳೆಗಾರರೇ, ನಿಮಗೂ ಹೇಳುತ್ತೇನೆ. ಅವರ ಅಂಗಿಯ ಕಾಲರ್ ಹಿಡಿದವರು ನಿಮ್ಮಲ್ಲಿ ಇದ್ದೀರಿ. ಆಫೀಸಿನ ಮಂದಿ ಎಲ್ಲಿ ಎಂದು ಕೇಳಿದಿರಿ, ಸರಿಯಾಗಿಯೇ ಕೇಳಿದಿರಿ. ಆದರೆ ಎದುರಿಗೆ ನಿಂತವರು ಅವರೊಬ್ಬರೇ ಎಂದು ಅವರನ್ನೇ ಹಿಡಿದಿರಿ. ಅವರು ಸಾಹೇಬರಿಗೆ ಫೋನ್ ಹಚ್ಚಿದರು, ನೀವೊಮ್ಮೆ ಬಂದು ಮಾತಾಡಿ ಎಂದು. ಸಾಹೇಬರು ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿತು. ಹೆಡ್ ಆಫೀಸಿನ ಹೆಸರು ಎತ್ತಬ್ಯಾಡ್ರಿ, ನೀವೇ ಹಸಿರು ಅಂದಿದ್ರಿ ಎಂದರು. ಅದಾದ ಮೇಲೆ ಹೆಡ್ ಆಫೀಸಿನ ಎಲ್ಲರ ಫೋನೂ ಬಂದ್.

ಇಳಿಹೊತ್ತಿನಲ್ಲಿ ಅವರು ಗೇಟಿನ ಕಂಬ ಹಿಡಿದು ಕುಸಿದರು. ಕಾಲರ್ ಹಿಡಿದ ಕೈಗಳೇ ಅವರನ್ನು ಎತ್ತಿದವು. ಟೆಂಪೋದಲ್ಲಿ ಗೊನೆ ಸರಿಸಿ ಮಲಗಿಸಿದರು. ಅಲ್ಲಿಯ ದವಾಖಾನೆಯಲ್ಲಿ ನೋಡಿ, ತಡ ಮಾಡದೆ ಕಲಬುರಗಿಗೆ ಒಯ್ಯಿರಿ ಎಂದರು. ನಾನು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಲಬುರಗಿಯ ದೀಪ ಕಾಣುವ ಮೊದಲೇ ಹೋದರು. ಏನೂ ಹೇಳಲಿಲ್ಲ. ಸಂಘ ಬೆಳೆಯಲಿ ಎಂಬುದೇ ಕಪಿಲ ಅವರ ಕೊನೆಯ ಮಾತು ಎಂದು ಶಿವಶರಣ ಅವರು ಆಗಲೇ ಇಲ್ಲಿ ಹೇಳಿದರಲ್ಲ — ಸುಳ್ಳು. ಆ ಟೆಂಪೋದಲ್ಲಿ ಶಿವಶರಣ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ನಾಲ್ಕು ಒಳ್ಳೆಯ ಮಾತಾಡಿ ಇಳಿಯುತ್ತಿದ್ದೆನೋ ಏನೋ. ಮುಗಿದಿಲ್ಲ. ನಾಳೆ ಕಮಲಾಪುರದಲ್ಲಿ ಸಂಘದ ಸರ್ವ ಸದಸ್ಯರ ಸಭೆ ಕರೆದಿದ್ದಾರೆ. ಅಲ್ಲಿ ಎಲ್ಲರೂ ಕೈ ಎತ್ತಿ ಒಪ್ಪಬೇಕಾದ ಒಂದು ಠರಾವು ಬರುತ್ತದೆ. ಬಾಳೆ ಹಾಳಾದದ್ದಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಕಪಿಲ ಒಬ್ಬರೇ ಹೊಣೆ ಎನ್ನುವ ಠರಾವು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ, ಆ್ಯಪಿಗೆ ಅವರ ಹೆಸರು ಇಡುವ ಠರಾವು. ಒಂದೇ ಸಭೆಯಲ್ಲಿ ತಪ್ಪೂ ಅವರದು, ಗೌರವವೂ ಅವರದು. ಬರೆದವರು ಬುದ್ಧಿವಂತರು.

ಸಾಹೇಬರು ನನ್ನನ್ನು ಚೇಂಬರಿಗೆ ಕರೆದು ಕೂಡಿಸಿದರು, ಚಹಾ ತರಿಸಿದರು. ಕಪಿಲ ಅವರ ಕುರ್ಚಿ ಇನ್ನು ನಿನ್ನದೇ ಎಂದರು. ನಾಳೆ ಸಭೆಯಲ್ಲಿ ಎದ್ದು ನಿಂತು, ಟೆಸ್ಟಿಂಗಿನವಳಾಗಿ ನಾನು ಬಲ್ಲೆ, ತಪ್ಪೆಲ್ಲ ಕಪಿಲ ಅವರದೇ ಎಂದು ಹೇಳಬೇಕು, ಅಷ್ಟೇ. ನಾನು ಚಹಾದ ಲೋಟ ಪಕ್ಕಕ್ಕೆ ಸರಿಸಿದೆ. ನನಗೆ ಸಮಾಧಾನ ಹೇಳಿದರು —

“ಹೋದಾಂವನ ಮ್ಯಾಲ ಹಾಕಿದ್ರ ಯಾರಿಗೂ ನೋವಾಗಂಗಿಲ್ಲ ಜೀನತ್. ಅವನಿಗಂತೂ ಆಗಂಗೇ ಇಲ್ಲ.”

ಸಾಹೇಬರೇ, ಕೆಮ್ಮಬೇಡಿ. ನೀರು ನಿಮ್ಮ ಮುಂದೆಯೇ ಇದೆ.

ನೋವಾಗುವವರು ಇಲ್ಲಿ ಕೂತಿದ್ದಾರೆ. ಹೋದ ವಾರ ನಾನು ಅವರ ಮನೆಗೆ ಹೋಗಿದ್ದೆ. ಆ ಮನೆ ಕಮಲಾಪುರದಲ್ಲೇ ಇದೆ. ಬಾಳೆ ಹಾಳಾದವರ ಮನೆಗಳೂ ಅದೇ ಓಣಿಯ ಆಚೆ ಈಚೆ ಇವೆ. ಕಸ್ತೂರಿಬಾಯಿ ಅವರು ಸಂತೆಗೆ ಹೋಗುವುದನ್ನು ಬಿಟ್ಟಿದ್ದಾರೆ. ತ್ರಿವೇಣಿ ನಳದ ನೀರಿಗೆ ಎಲ್ಲರೂ ಹೋದ ಮೇಲೆ ಹೋಗುತ್ತಾರೆ. ಮಣ್ಣು ಮಾಡಲು ಬಂದಾಗಲೇ ಆಫೀಸಿನವರೊಬ್ಬರು ಈ ತಾಯಿಯ ಕೈ ಹಿಡಿದುಕೊಂಡು, ಏನು ಮಾಡೋದು ಅಮ್ಮ, ಕಂಪ್ಯೂಟರಿನಲ್ಲಿ ತಪ್ಪು ಮಾಡಿಬಿಟ್ಟರು ಎಂದು ಕಣ್ಣೊರೆಸಿಕೊಂಡು ಹೋಗಿದ್ದಾರೆ. ನಾನು ಮನೆಗೆ ಹೋದಾಗ ಈ ತಾಯಿ ನನ್ನನ್ನು ಕೇಳಿದರು —

“ಮಂದಿ ಬಾಳೆ ಕೊಳಿಸ್ದಾಂವ ನನ್ನ ಮಗಾ ಅಂತ ಊರೆಲ್ಲ ಅನ್ನಾಕತ್ತದ. ನಾ ಇದೇ ಊರಾಗ ಇರಬೇಕಲ್ಲವ್ವ, ಹ್ಯಾಂಗ ಇರ್ಲಿ?”

ಅದಕ್ಕೇ ಇವತ್ತು ಈ ಮೈಕು ಬೇಕಾಗಿತ್ತು. ನಾಳೆ ನಾನು ಎದ್ದು ನಿಲ್ಲುತ್ತೇನೆ ಸಾಹೇಬರೇ. ಹಸಿರು ಎಂದವರು ಕಪಿಲ ಎಂದೂ ಹೇಳುತ್ತೇನೆ. ಕೆಂಪು ತೆಗೆಸಿದವರು ಯಾರು, ಚೀಟಿ ನಿಲ್ಲಿಸಿದವರು ಯಾರು, ಚಪ್ಪಾಳೆ ತಟ್ಟಿದವರು ಯಾರು ಎಂದು ಹೆಸರು ಹಿಡಿದು ಹೇಳುತ್ತೇನೆ. ಆ ಕುರ್ಚಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ.

ಕಾರ್ಯಕ್ರಮದ ಪ್ರಕಾರ ಇನ್ನು ಎದ್ದು ನಿಂತು ಒಂದು ನಿಮಿಷದ ಮೌನ. ಅದನ್ನು ಹೇಳುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ತಡೀರಿ — ಈಗಲೇ ಏಳಬೇಡಿ. ಒಂದು ಮಾತು ಕೇಳಿಸಿಕೊಂಡು ಏಳಿ.

ನಾಳೆ ತಪ್ಪು ಹೊರಿಸುವ ಆ ಠರಾವಿಗೆ ಕೈ ಎತ್ತುವವರು ಈಗ ಏಳುವುದು ಬೇಡ. ಮಂಡಳಿಯವರಾಗಲಿ, ಆಫೀಸಿನವರಾಗಲಿ, ಬೆಳೆಗಾರರಾಗಲಿ, ಕೂತೇ ಇರಿ. ಯಾರೂ ಏನೂ ಅನ್ನುವುದಿಲ್ಲ. ಎದ್ದವರು, ನಾಳೆ ನಾವು ಕೈ ಎತ್ತುವುದಿಲ್ಲ ಎಂದು ಈ ತಾಯಿಗೆ ಮಾತು ಕೊಟ್ಟಂತೆ. ಆಮೇಲೆ ಮರೆತೆ ಅನ್ನಬಾರದು.

ಕಸ್ತೂರಿಬಾಯಿ ಅವರೇ, ನೀವು ಏಳಬೇಡ್ರಿ. ತ್ರಿವೇಣಿ ಅವರೇ, ಅತ್ತೆಯವರ ಕುರ್ಚಿ ಸ್ವಲ್ಪ ತಿರುಗಿಸ್ರಿ. ಫೋಟೋದ ಕಡೆ ಅಲ್ಲ, ಜನರ ಕಡೆ. ಹಾಂ, ಅಷ್ಟು ಸಾಕು. ವೇದಿಕೆಯೂ ಕಾಣುತ್ತದಲ್ಲ?

ನೀವು ಒಬ್ಬೊಬ್ಬರನ್ನೂ ನೋಡಿಕೊಳ್ರಿ ಅಮ್ಮ. ಗಡಿಬಿಡಿ ಇಲ್ಲ, ಒಂದು ಪೂರ್ತಿ ನಿಮಿಷ ಇದೆ.

ಕಪಿಲ ಅವರಿಗಾಗಿ — ಏಳುವವರು ಏಳಿ.