ಕಾನಿಮೆತ್‌ಗೆ ಮಣ್ಣು ಸಿಕ್ಕಿದ ಬಗೆ

…ಹಾಗಂತ ನಾನು ಗದರಿದ್ದಕ್ಕೇ ಕಣಯ್ಯಾ ನಿನ್ನ ಅಕ್ಕನಿಗೆ ಊರ ಸ್ಮಶಾನದಲ್ಲಿ ಜಾಗ ಸಿಕ್ಕಿದ್ದು! ಯಾಕೆ ನಗ್ತೀಯಾ? ನಗಲಿಲ್ವಾ? ಮೀಸೆ ಅಲ್ಲಾಡಿತಲ್ಲ! ಕೂತ್ಕೋ ತಲಾಯ್, ಚಹಾ ಆರಿಹೋಗುತ್ತೆ. ಬಿಷ್ಕೆಕ್‌ನಿಂದ ಬಂದ ಚರ್ಚಿನ ಬೋಧಕರು, ಅದರಲ್ಲೂ ಹೆಂಡತಿಯ ತಮ್ಮ, ಬಾಗಿಲ ಹತ್ತಿರ ಕೂರೋದಾ? ಒಳಗೆ ಬಾ, ದೊಡ್ಡವರ ಜಾಗದಲ್ಲಿ ಕೂತ್ಕೋ!

ಘಾಟಿಯಲ್ಲಿ ಹಿಮ ಬಿದ್ದು ನಾಲ್ಕು ದಿನ ರಸ್ತೆ ಮುಚ್ಚಿತ್ತು, ಮಣ್ಣಿಗೆ ನೀನು ಬರೋಕಾಗಲಿಲ್ಲ, ಗೊತ್ತು. ಆದರೂ ಸಿಟ್ಟು ಬರುತ್ತೆ! ಪ್ರತಿ ಭಾನುವಾರ ಈ ಕೋಣೆಯಲ್ಲಿ ಒಂಬತ್ತು ಜನ ಕೂತು ಏಸುವಿನ ಹಾಡು ಹಾಡ್ತೀವಲ್ಲ, ಅವಳು ಸತ್ತ ದಿನ ಎಷ್ಟು ಜನ ಬಂದ್ರು ಹೇಳು? ಇಬ್ಬರು ಮುದುಕಿಯರು! ಅವರೂ ಹಿತ್ತಲ ಕಡೆಯಿಂದ! ಎಲ್ಲಾ ನನ್ನೊಬ್ಬನ ತಲೆ ಮೇಲೆ.

ಆದ್ರೆ ನಾನು ಬಿಟ್ಟೆನಾ? ಅಂಗಳದಲ್ಲಿ ನಮ್ಮ ಪದ್ಧತಿಯಂತೆ ಹೆಣ ಇಡೋ ಕಂಬಳಿಮನೆ ಕಟ್ಟಿ, ಅವಳನ್ನ ಒಳಗೆ ಮಲಗಿಸಿ, ಹೊರಗೆ ಕೋಲಿಗೆ ಒರಗಿ ನಿಂತು ಅತ್ತೆ ನೋಡು… ನದಿ ಆಚೆ ಕಟ್ಟಿದ್ದ ಕುದುರೆಗಳು ಹಗ್ಗ ಕಿತ್ಕೊಂಡು ಓಡಿದ್ವು! ಒಂದು ಇನ್ನೂ ಸಿಕ್ಕಿಲ್ಲವಂತೆ. ಆಮೇಲೆ ಊರ ಯಜಮಾನ ಝೂಮಾಲಿ ತಾತ ಐದು ಜನ ಹಿರಿಯರ ಜೊತೆ ಬಂದ. ‘ನೋಡಯ್ಯಾ ಮೊಲ್ದೋ, ನಿನ್ನ ಹೆಂಡತಿ ಹದಿನಾಲ್ಕು ವರ್ಷದಿಂದ ಏಸುವಿನ ದಾರಿ ಹಿಡಿದವಳು. ನಮ್ಮ ಮುಸಲ್ಮಾನ ಹಿರಿಯರ ಪಕ್ಕದಲ್ಲಿ ಹೇಗಪ್ಪಾ ಹೂಳೋದು?’ ಅಂದ. ನಾನು ಗಾಡಿ ಮೇಲೆ ಹತ್ತಿ ಗುಡುಗಿದೆ! ಚಾವಣಿ ಹಿಮ ಅಷ್ಟೂ ದಬದಬ ಅಂತ ಅವರ ಟೋಪಿ ಮೇಲೆ ಬಿತ್ತು! ಆರೂ ಜನ ತಲೆ ತಗ್ಗಿಸಿ ಹೋದ್ರು.

ಹಾಗ್ಯಾಕೆ ನೋಡ್ತೀಯಾ?

ಸರಿ ಕಣಪ್ಪಾ, ಗಾಡಿ ಹತ್ತಲಿಲ್ಲ. ನೆಲದ ಮೇಲೆ ನಿಂತೇ ಹೇಳಿದೆ. ಈ ಊರಿಗೆ ಕಾಲುವೆ ತೋಡಿದವನು ನಮ್ಮಪ್ಪ, ನೆನಪಿದೆಯಾ ಅಂದೆ. ಅದಕ್ಕೇ ಒಪ್ಪಿದ್ರು. ಅಪ್ಪನ ಹೆಸರು ಅಂದ್ರೆ ಸುಮ್ನೆನಾ?

ಚಹಾ ಮುಟ್ಟಲೇ ಇಲ್ಲ ನೀನು… ಬೂಟಿಗೆ ಕೆಂಪು ಮಣ್ಣು ಮೆತ್ತಿದೆ. ಗುಡ್ಡದ ಮೇಲೆ ಹೋಗಿದ್ಯಾ? ಅವಳ ಹತ್ತಿರ? ನನ್ನ ಕೇಳದೇ?… ಅಲ್ಲಿ ಯಾರಾದ್ರೂ ಸಿಕ್ಕಿದ್ರಾ? ತಾತ ಸಿಕ್ಕಿದ್ನಾ?

ತಲಾಯ್, ತಾತ ಏನು ಹೇಳಿದ?

ಬಾಯಿ ಬಿಡೋ! ಕೈ ಹಿಡ್ಕೊಂಡು ಸಮಾಧಾನ ಹೇಳಿದ್ನಾ? ‘ನಿನ್ನ ಅಕ್ಕ ಕೊನೆಗೆ ನಮ್ಮಲ್ಲಿಗೇ ವಾಪಸ್ ಬಂದ್ಲಪ್ಪಾ’ ಅಂದ್ನಾ?… ಹೇಳಿರ್ತಾನೆ. ಒಳ್ಳೆಯವನು ಅವನು. ಅಳ್ತಾ ಹೇಳಿರ್ತಾನೆ.

ನಾನೇ ಹೇಳಿದ್ದು. ಹೌದು, ನಾನೇ! ಮೂರನೇ ದಿನ ಕಣೋ! ಎಷ್ಟು ದಿನ ಅಂತ ಇಟ್ಕೊಳ್ಳಲಿ ಅವಳನ್ನ? ತಾತ ಒಂದೇ ಮಾತು ಕೇಳಿದ: ‘ಸಾಯೋವಾಗ ಏಸುವನ್ನ ಬಿಟ್ಟಳಾ?’ ನಾನು ‘ಹೂಂ’ ಅಂದೆ. ಅಷ್ಟೇ. ಒಂದು ಹೂಂ! ಮರುಗಳಿಗೆ ನಲವತ್ತು ಗಂಡಸರು ಗುದ್ದಲಿ ಹಿಡಿದು ಹೊರಟ್ರು. ನಾನು ಬಿಟ್ಟೆ ಅಂದಿದ್ರೆ ನನ್ನ ಪಾಪ, ನಾನು ಹೊತ್ಕೋತಿದ್ದೆ. ಅವಳು ಬಿಟ್ಟಳು ಅಂದೆನಲ್ಲೋ! ಬಿಡ್ತೀನಿ ಬಿಡ್ತೀನಿ ಅಂತ ಹಾರಾಡಿದವನು ನಾನು. ನಮ್ಮಕ್ಕ ನನ್ನ ಮುಖಕ್ಕೆ ಬಾಗಿಲು ಹಾಕಿದಾಗ, ಮದುವೆಗಳಿಗೆ ಕರೆಯೋದು ನಿಂತಾಗ… ಆಗೆಲ್ಲ ಕಾನಿಮೆತ್ ‘ಸರಿ, ನಾಳೆ ಬಿಡುವಿರಂತೆ, ಇವತ್ತೊಂದಿನ ಪ್ರಾರ್ಥನೆಗೆ ಕೂತ್ಕೊಳ್ಳಿ’ ಅಂತಿದ್ಲು. ಹೀಗೇ ಹದಿನಾಲ್ಕು ವರ್ಷ ಎಳೆದ್ಲು ನನ್ನ! ಕೊನೇ ಸಂಜೆ ಜ್ವರದಲ್ಲೂ ತುಟಿ ಅಲ್ಲಾಡ್ತಿತ್ತು. ಆ ಹೆಸರೇ. ಕಿವಿ ಇಟ್ಟು ಕೇಳಿದ್ದೀನಿ.

ಬೈಯೋ! ಬೋಧಕ ಅಲ್ವಾ ನೀನು? ಬೈದು ಮುಗಿಸು! ಆ ದೇವರಾದ್ರೂ ನನಗಿಂತ ಗಟ್ಟಿಯಾದವನ ಕೈಗೆ ಅವಳ ಹೆಣ ಒಪ್ಪಿಸಬಾರದಿತ್ತಾ?

…ಬೈಯಲ್ಲ. ಅಳ್ತಾ ಕೂತಿದ್ದೀಯಾ.

ನಾಳೆ ಏಳನೇ ದಿನದ ಊಟ. ಊರೆಲ್ಲಾ ಬರುತ್ತೆ. ಎದ್ದು ನಿಂತು ‘ಸುಳ್ಳು ಹೇಳಿದೆ, ಅವಳು ಬಿಡಲಿಲ್ಲ’ ಅಂದ್ರೆ, ಅಗೆದು ತಗೊಂಡು ಹೋಗು ಅಂತಾರೇನೋ. ಹೇಳದಿದ್ರೆ, ಅಲ್ಲಿ ಮಲಗಿರೋದು ಕಾನಿಮೆತ್ ಅಲ್ಲ, ನಾನು ಸುಳ್ಳಲ್ಲಿ ಕಟ್ಟಿದ ಇನ್ಯಾವಳೋ.

ನಾಳೆ ನನ್ನ ಪಕ್ಕದಲ್ಲೇ ಕೂತ್ಕೋ. ಮಾಂಸದ ತಟ್ಟೆ ಬರೋಕೆ ಮುಂಚೆ ಏಳ್ತೀನಿ. ಏಳ್ತೀನಿ ಅಂದೆನಲ್ಲ… ಏಳದೇ ಹೋದ್ರೆ, ತಲಾಯ್, ಪಕ್ಕೆಗೆ ತಿವಿ. ಜೋರಾಗಿ ತಿವಿ.