ಎರಡು ಹೆಂಚು

ಚಳಿಜ್ವರದ ನಿಜಾಮುದ್ದೀನ್ ಹುಣಸೂರು ಆಸ್ಪತ್ರೆಯ ಜಗಲಿಯಲ್ಲಿ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದ. ಹೊಳೆಯ ಮಂಜು ಮೆಟ್ಟಿಲವರೆಗೂ ತೇಲಿ ಬಂದಿತ್ತು. ಪಕ್ಕದಲ್ಲಿ ಬಳೆಗಾರ್ತಿ ಆಮಿನಾಬಿಯೂ ಕೆಮ್ಮುವ ಕೂಸನ್ನು, ಔಷಧದ ಶೀಸೆಯನ್ನು ಹಿಡಿದ ಒಕ್ಕಲ ಸೊಸೆಯೊಬ್ಬಳೂ ಮಾತಾಡುತ್ತಿದ್ದರು.

“ಒಲೆ ಹೊಗೆಗೇ ಕೂಸು ಕೆಮ್ತದೆ. ದಿಷ್ಟಿ ಅಂತ ನಮ್ಮತ್ತೆ ದಿನಾ ಮೆಣಸಿನಕಾಯಿ ಸುಟ್ಟು ಇನ್ನಷ್ಟು ಹೊಗೆ ಹಾಕ್ತಾರೆ.”

“ತೌರಲ್ಲೂ ಕೆಮ್ತದಾ?”

“ಇಲ್ಲ ಕಣಮ್ಮ. ಬಡವರ ಮನೆ, ಒಲೆ ಮ್ಯಾಲೆ ಸೂರೇ ಇಲ್ಲ.”

“ಅತ್ತೆ ಮನೇಲೂ ಒಲೆ ಮೇಲಿನ ಎರಡು ಹೆಂಚು ತೆಗೆಸವ್ವ, ಹೊಗೆ ಹೋಗ್ಲಿ.”

“ಅತ್ತೆ ಒಪ್ಪಲ್ಲ. ಹೊಗೆ ಕುಡುದ್ರೆ ತೊಲೆಗೆ ಹುಳ ಬೀಳಲ್ವಂತೆ, ಸೂರು ನೂರು ವರ್ಸ ಬಾಳ್ತದಂತೆ.”

“ಬಾಳ್ಲಿ. ಅದರಡಿ ಬಾಳೋರು ಯಾರು?”

ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ತೌರಿಗೆ ಓಯ್ತೀನಿ ಆಮಿನಮ್ಮ. ಬಳೆ ತೊಡಿಸೋಕೆ ಹೋದಾಗ ನಮ್ಮತ್ತೆಗೆ ಹೇಳ್ಬುಡಿ, ಹೆಂಚು ತೆಗೆದ ದಿನ ಕರ್ಯಕ್ಕೆ ಬರ್ಲಿ.”

ನಿಜಾಮುದ್ದೀನ್ ಕಣ್ಣು ತೆರೆದಾಗ, ಮಂಜಿನೊಳಗೆ ಕೂಸಿನ ಕೆಮ್ಮು ದೂರವಾಗುತ್ತಿತ್ತು.